ಶುಕ್ರವಾರದ ಆರು ಸಾವಿರ

ಮುರಗೋಡದಲ್ಲಿ ನಮ್ಮ ಚಾಚಾ ಅವರದು ಗೊಬ್ಬರ, ಬೀಜದ ಅಂಗಡಿ. ಕಾಲೇಜು ಬಿಟ್ಟ ಮೇಲೆ ಅಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಡೇಟಾ ಇರುವುದು ಒಳಗಿನ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ, ಕೌಂಟರಿನದು ಅದಕ್ಕೆ ವೈರಿನಿಂದ ಜೋಡಿಸಿದ್ದು. ಒಳಗಿನದನ್ನು ನಾವು ಸರ್ವರ್ ಎನ್ನುತ್ತೇವೆ.

ಅದು ಗರಗರ ಸದ್ದು ಮಾಡತೊಡಗಿದಾಗ ಚಾಚಾ ಹೊಸದನ್ನು ತಂದರು. ಭಾನುವಾರ ಜೋಡಿಸುವುದೆಂದು ಮಾತಾಯಿತು. ಆ ದಿನ ಗಡಿಬಿಡಿ ಬೇಡವೆಂದು ನಾನು ಗುರುವಾರ ರಾತ್ರಿಯೇ ಪೆನ್ ಡ್ರೈವಿಗೆ ಬ್ಯಾಕಪ್ ತೆಗೆದಿಟ್ಟೆ. ಭಾನುವಾರ ಅದನ್ನೇ ಹೊಸದರಲ್ಲಿ ರಿಸ್ಟೋರ್ ಮಾಡಿದೆ. ಎಲ್ಲ ಗಿರಾಕಿಗಳ ಹೆಸರೂ ಬಂದವು. ನನಗೆ ಬಹಳ ಖುಷಿ.

ಬುಧವಾರ ಒಬ್ಬ ರೈತರು ಬಂದರು. ಬಾಕಿ ಹೇಳಿದೆ.

"ಏನ ತಮ್ಮಾ, ಶುಕ್ರವಾರ ಆರ ಸಾವಿರ ಕೊಟ್ಟೇನಲ್ಲ, ಬಾಕಿ ಇದ್ದಂಗ ಐತಿ?"

"ಇಲ್ಲ ಕಾಕಾ, ಜಮಾ ಆಗಿಲ್ಲ. ಪಾವತಿ ಐತೇನ್ರಿ?"

ಪಾವತಿ ಮನೆಯಲ್ಲಿತ್ತು. ಅಂಗಡಿಯಲ್ಲಿ ನಾಲ್ಕು ಮಂದಿ ನಿಂತಿದ್ದರು. ಅವರ ಮುಖ ಕೆಂಪಾಯಿತು. ನಿಜ ಹೇಳಬೇಕೆಂದರೆ, ಅವರು ಸುಳ್ಳು ಹೇಳುತ್ತಿದ್ದಾರೆ ಎಂದೇ ನನಗನಿಸಿತ್ತು. ಅಷ್ಟರಲ್ಲಿ ಚಾಚಾ ಗೋದಾಮಿನಿಂದ ಬಂದು, "ಕೊಟ್ಟಾರ, ನನ್ನ ಕೈಯಾಗ ಕೊಟ್ಟಾರ" ಎಂದರು.

ಶುಕ್ರವಾರ, ಶನಿವಾರ ಬರೆದದ್ದೆಲ್ಲ ಹಳೆಯ ಸರ್ವರಿನಲ್ಲೇ ಉಳಿದಿತ್ತು! ಹಾಗೆಂದು ಹಳೆಯದರ ಹೊಸ ಬ್ಯಾಕಪ್ ತಂದು ಇದರ ಮೇಲೆ ಹಾಕುವಂತೆಯೂ ಇರಲಿಲ್ಲ. ಹಾಕಿದರೆ ಸೋಮವಾರದಿಂದ ಬರೆದದ್ದು ಅಳಿಸಿಹೋಗುತ್ತದೆ. ಇನ್ನೂ ದೊಡ್ಡ ಫಜೀತಿಯೆಂದರೆ ಬಿಲ್ ನಂಬರು. ಹೊಸದು ಗುರುವಾರದ ಮುಂದಿನ ನಂಬರಿನಿಂದ ಶುರು ಮಾಡಿತ್ತು. ಶುಕ್ರವಾರ ಒಬ್ಬರಿಗೆ ಕೊಟ್ಟ ನಂಬರೇ ಸೋಮವಾರ ಇನ್ನೊಬ್ಬರಿಗೆ ಹೋಗಿತ್ತು. ಜಿಎಸ್‌ಟಿಯಲ್ಲಿ ಒಂದು ವರ್ಷದಲ್ಲಿ ಒಂದು ನಂಬರು ಎರಡು ಸಲ ಬರುವಂತಿಲ್ಲ.

ಹಳೆಯದರ ಡೇಟಾವನ್ನು ಬೇರೆ ಫೋಲ್ಡರಿನಲ್ಲಿ ರಿಸ್ಟೋರ್ ಮಾಡಿ, ಎರಡು ದಿನದ ಡೇ ಬುಕ್ ಪ್ರಿಂಟ್ ತೆಗೆದು, ಒಂದೊಂದನ್ನೂ ಹೊಸದರಲ್ಲಿ ಕೈಯಿಂದ ಹಾಕಿದೆ. ಸೋಮವಾರದ ನಂತರದ ಬಿಲ್ಲುಗಳಿಗೆ ನಂಬರು ಬದಲಿಸಿ, ಗಿರಾಕಿಗಳಿಗೆ ಫೋನ್ ಮಾಡಿ ಕಾಗದ ಬದಲಿಸಿಕೊಟ್ಟೆವು. ಕೊನೆಗೆ ಎರಡೂ ಕಡೆ ಶನಿವಾರದವರೆಗಿನ ಟ್ರಯಲ್ ಬ್ಯಾಲೆನ್ಸ್ ತೆಗೆದು ಪಕ್ಕಪಕ್ಕ ಇಟ್ಟೆ. ತಾಳೆಯಾಗುವಷ್ಟರಲ್ಲಿ ಇಷಾ ನಮಾಜಿನ ಹೊತ್ತು ದಾಟಿತ್ತು.

ಚಾಚಾ ಬೈಯಲಿಲ್ಲ. ದಾದಾ ಅವರ ಕಾಲದ ಕೆಂಪು ಬಟ್ಟೆಯ ಖಾತೆ ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದರು. ಬಾಕಿಯನ್ನು ಹೊಸ ಪುಸ್ತಕಕ್ಕೆ ಒಯ್ಯುವ ಮುಂಚೆ ಹಳೆಯದರ ಅಡಿಯಲ್ಲಿ ಎರಡು ಗೆರೆ. ಆಮೇಲೆ ಅದರಲ್ಲಿ ಯಾರೂ ಒಂದಕ್ಷರ ಬರೆಯುವಂತಿಲ್ಲ. ಗುರುವಾರ ರಾತ್ರಿ ನಾನು ಗೆರೆ ಹಾಕದೆ ಬಾಕಿ ಒಯ್ದಿದ್ದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಲ್ಲ, ಅಷ್ಟೂ ಖಾತೆಗಳನ್ನು ಸಾಗಿಸಿದವರ ಎದೆ ಹೇಗೆ ಹೊಡೆದುಕೊಂಡಿರಬೇಕು! ಇಂಥ ಕೆಲಸಕ್ಕೆ ಬ್ಯಾಂಕಿನವರು ರಾತ್ರಿ ಸೇವೆ ನಿಲ್ಲಿಸುವುದೇಕೆಂದು ಈಗ ತಿಳಿಯಿತು. ಕುರ್‌ಆನಿನ ಅತಿ ಉದ್ದದ ಆಯತ್ ಸಾಲವನ್ನು ಬರೆದಿಡುವ ಬಗ್ಗೆಯೇ ಇದೆ ಎಂದು ಮದರಸಾದಲ್ಲಿ ಕಲಿತಿದ್ದೆ. ಅದೂ ಆ ರಾತ್ರಿ ನೆನಪಾಯಿತು.

ಮರುದಿನ ಕಾಕಾ ಪಾವತಿ ಹಿಡಿದುಕೊಂಡೇ ಬಂದರು. ನಾನು ಅದನ್ನು ನೋಡದೆ ಅವರ ಲೆಕ್ಕದ ಪ್ರಿಂಟ್ ಕೊಟ್ಟು, ತಪ್ಪಾಯಿತು ಎಂದೆ. ಅವರು ಶುಕ್ರವಾರದ ಸಾಲಿನ ಮೇಲೆ ಬೆರಳಿಟ್ಟು ನೋಡಿ, ಮಡಚಿ ಕಿಸೆಗೆ ಹಾಕಿಕೊಂಡು, ಎರಡು ಚೀಲ ಯೂರಿಯಾ ಕೇಳಿದರು.