ಪಿಡಿಎಫ್ ನೋಡೋಕೆ ಬಂದವರು

ನಮ್ಮ ಹಾಸ್ಟೆಲ್ ರೂಮಲ್ಲಿ ನಾಲ್ಕು ತಾಲ್ಲೂಕು ಇದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಒಂದೊಂದು ಊರಿಂದ ಒಬ್ಬೊಬ್ಬರು. ಊರಿಗೆ ಹೊರಟರೆ ಮೊದಲಿಬ್ಬರು ಟ್ರೈನ್ ಹಿಡೀತಾರೆ. ಕನಕಪುರಕ್ಕೂ ಮಾಗಡಿಗೂ ರೈಲೇ ಇಲ್ಲ, ಅವರಿಬ್ಬರು ಬಸ್ಸಲ್ಲಿ ನಿಂತ್ಕೊಂಡು ಹೋಗ್ತಾರೆ. ನಾಲ್ವರದ್ದೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಇದನ್ನ ಈಗ್ಲೇ ಯಾಕೆ ಹೇಳ್ತಿದ್ದೀವಿ ಅಂದ್ರೆ, ಮುಂದೆ ನಮ್ಮ ಮರ್ಯಾದೆ ಹೋಗೋ ಜಾಗದಲ್ಲಿ ಅದು ಬೇಕಾಗುತ್ತೆ.

ದಸರಾ ರಜೆಗೆ ನಾಲ್ವರೂ ಮಾಗಡಿಯವನ ಮನೆಗೆ ಹೋಗಿದ್ವಿ. ಅವನ ತಾತ ಯಾವುದೋ ಒಂದು ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕಿತ್ತು. ಪಹಣಿ, ಆಧಾರ್, ಪಾಸ್‌ಬುಕ್‌ನ ಮೊದಲ ಪುಟ, ಮೂರೂ ಸೇರಿ ಒಂದೇ ಪಿಡಿಎಫ್ ಆಗಬೇಕು. "ಮನೇಲಿ ನಾಕ್ ಜನ ಇಂಜಿನಿಯರ್‌ಗಳು ಅವ್ರೆ, ಸೈಬರ್‌ನೋನಿಗೆ ಯಾಕೆ ದುಡ್ಡು" ಅಂದ್ರು ತಾತ. ಆದ್ರೆ ಶುರು ಮಾಡೋಕೆ ಬಿಡಲಿಲ್ಲ. "ಅದೇನ್ ಬರ್ದವ್ರೆ, ಮೊದ್ಲು ಪೂರ್ತಿ ಓದ್ಲಾ" ಅಂತ ಅರ್ಜಿನ ಎರಡು ಸಲ ಓದಿಸಿದ್ರು. ಕೆಳಗಡೆ ಸಣ್ಣ ಅಕ್ಷರದಲ್ಲಿದ್ದ ಷರತ್ತುಗಳನ್ನೂ ಬಿಡಲಿಲ್ಲ. ಅರ್ಧ ಗಂಟೆ ಹಿಡೀತು. ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಗು ತಡ್ಕೊಂಡಿದ್ವಿ.

ಆಮೇಲೆ ನಮ್ಮ ಕೆಲಸ. ಇ-ಆಧಾರ್ ಮೇಲೆ ಕ್ಲಿಕ್ ಮಾಡಿದ್ರೆ ಕ್ರೋಮ್‌ನಲ್ಲಿ ತೆರೆಯೋದೇ ಇಲ್ಲ, ಸುಮ್ನೆ ಡೌನ್‌ಲೋಡ್ ಆಗುತ್ತೆ. ಅದನ್ನ ತೆರೆಯೋಕೆ ಹೋದ್ರೆ "ಯಾವ ಆಪ್‌ನಲ್ಲಿ ತೆರೀಲಿ" ಅಂತ ಲ್ಯಾಪ್‌ಟಾಪ್ ಕೇಳುತ್ತೆ. ಅಣ್ಣನಿಂದ ಬಂದ ಹಳೇ ಲ್ಯಾಪ್‌ಟಾಪ್. "ಪಿಡಿಎಫ್ ವ್ಯೂವರ್ ಇಲ್ಲ ಮಗಾ" ಅಂತ ನಾಲ್ವರೂ ಒಮ್ಮತದಿಂದ ತೀರ್ಮಾನ ಮಾಡಿದ್ವಿ. ಹುಡುಕಿದ್ವಿ, ಸ್ಟಾರ್ ಜಾಸ್ತಿ ಇದ್ದ ಎಕ್ಸ್‌ಟೆನ್ಷನ್ ಸಿಕ್ತು. ಒಂದು ಚಿಕ್ಕ ಡಬ್ಬಿ ಬಂತು, ಅದರಲ್ಲಿ ಎರಡು ಸಾಲು ಇಂಗ್ಲಿಷ್. ಒತ್ತಿದ್ವಿ.

ತೆರೀತು! ಆಧಾರ್ ಪಾಸ್‌ವರ್ಡ್ ಕೇಳ್ತು, ಹೆಸರಿನ ಮೊದಲ ನಾಲ್ಕು ಕ್ಯಾಪಿಟಲ್ ಅಕ್ಷರ, ಹುಟ್ಟಿದ ವರ್ಷ ಹಾಕಿದ್ವಿ. ಮೂರು ಫೈಲ್ ಸೇರಿಸೋ ಬಟನ್ನೂ ಅದರಲ್ಲೇ ಇತ್ತು. ಒತ್ತಿದ ಮೇಲೆ ನೀಲಿ ಪಟ್ಟಿ ಓಡ್ತಾ "ಅಪ್‌ಲೋಡಿಂಗ್" ಅಂತ ಬಂತು. ಕನಕಪುರದವನು ಕೇಳಿದ: "ಲೋ, ಅಪ್‌ಲೋಡ್ ಎಲ್ಲಿಗೆ?" ಯಾರೂ ಉತ್ತರ ಕೊಡಲಿಲ್ಲ, ಅಷ್ಟರಲ್ಲಿ ಫೈಲ್ ರೆಡಿ ಆಗಿತ್ತು.

ಮಾರನೇ ದಿನ ಬೆಳಿಗ್ಗೆ ಸರ್ಚ್ ಪೇಜೇ ಬದಲಾಗಿತ್ತು. ಎಂದೂ ಕೇಳದ ಹೆಸರಿನ ಸರ್ಚ್ ಎಂಜಿನ್, ಮೇಲಿಂದ ಕೆಳಗಿನವರೆಗೂ ಜಾಹೀರಾತು. ಆಗ ಎಕ್ಸ್‌ಟೆನ್ಷನ್‌ಗಳ ಪುಟ ತೆಗೆದು, ನಿನ್ನೆ ಓದದೆ ಬಿಟ್ಟ ಸಾಲನ್ನ ಓದಿದ್ವಿ. ಎಲ್ಲಾ ವೆಬ್‌ಸೈಟ್‌ಗಳಲ್ಲಿರೋ ನಿಮ್ಮ ಎಲ್ಲಾ ಡೇಟಾವನ್ನ ಇದು ಓದಬಹುದು, ಬದಲಾಯಿಸಲೂಬಹುದು ಅಂತ ಇತ್ತು. ಪಿಡಿಎಫ್‌ಗಳಲ್ಲಿ ಮಾತ್ರ ಅಂತ ಇರಲಿಲ್ಲ.

ಇದರ ಅರ್ಥ ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಅನುಮತಿ ಇರೋ ಎಕ್ಸ್‌ಟೆನ್ಷನ್ ನೀವು ತೆರೆಯೋ ಹೆಚ್ಚುಕಡಿಮೆ ಪ್ರತಿ ಪುಟದ ಒಳಗೂ ತನ್ನ ಕೋಡ್ ಓಡಿಸಬಹುದು. ಬ್ಯಾಂಕ್ ಪುಟ, ಮೇಲ್, ಇಂಟರ್ನಲ್ಸ್ ಮಾರ್ಕ್ಸ್, ಎಲ್ಲ. ಎಚ್‌ಟಿಟಿಪಿಎಸ್ ಬೀಗ ಇದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಇದು ಬೀಗದ ಒಳಗಡೆಯೇ ಕೂತಿರುತ್ತೆ. ಭಯ ಸುಮ್ಮನೇ ಅಲ್ಲ. 2023ರಲ್ಲಿ 'ಪಿಡಿಎಫ್ ಟೂಲ್‌ಬಾಕ್ಸ್' ಅನ್ನೋ ಕ್ರೋಮ್ ಎಕ್ಸ್‌ಟೆನ್ಷನ್‌ನಲ್ಲಿ, ಹೊರಗಿನ ಒಂದು ಸೈಟ್‌ನಿಂದ ಬಂದ ಕೋಡನ್ನ ಎಲ್ಲಾ ಪುಟಗಳಿಗೂ ತೂರಿಸೋ ವ್ಯವಸ್ಥೆ ಅಡಗಿದ್ದನ್ನ ವ್ಲಾದಿಮಿರ್ ಪಲಾಂಟ್ ಅನ್ನೋ ಸಂಶೋಧಕ ಪತ್ತೆ ಹಚ್ಚಿದ್ರು. ಅದಕ್ಕೆ 20 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿದ್ರು. ಸ್ಟಾರ್ ನೋಡಿ ಹಾಕ್ಕೊಂಡವರು ನಾವು ಮಾತ್ರ ಅಲ್ಲ ಅನ್ನೋದು ಸಮಾಧಾನವೋ ದುಃಖವೋ ಗೊತ್ತಿಲ್ಲ.

ಇನ್ನೊಂದು ತಮಾಷೆ ಇದೆ. ಒಳ್ಳೇ ಎಕ್ಸ್‌ಟೆನ್ಷನ್ ಹಾಕ್ಕೊಂಡ್ರೂ ಅದು ಒಳ್ಳೇದಾಗೇ ಉಳಿಯುತ್ತೆ ಅಂತ ಇಲ್ಲ. 'ದಿ ಗ್ರೇಟ್ ಸಸ್ಪೆಂಡರ್' 2020ರಲ್ಲಿ ಬೇರೆಯವರ ಕೈಗೆ ಮಾರಾಟ ಆಯ್ತು, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನ ಮಾಲ್ವೇರ್ ಅಂತ ತೆಗೆದುಹಾಕ್ತು. 2007ರಲ್ಲಿ ನಮ್ಮ ನಾಲ್ಕು ತಾಲ್ಲೂಕು ಸೇರಿ ಆದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬಂತು, ಊರು-ಹೊಲ-ಜನ ಎಲ್ಲ ಹಾಗೇ ಇದ್ದಾರೆ. ಎಕ್ಸ್‌ಟೆನ್ಷನ್‌ಗಳದ್ದು ಉಲ್ಟಾ, ಹೆಸರು ಹಾಗೇ ಇರುತ್ತೆ, ಓನರ್ ಬದಲಾಗಿರ್ತಾನೆ.

ಹಾಗಾದ್ರೆ ಪಿಡಿಎಫ್ ಯಾಕೆ ತೆರೀಲಿಲ್ಲ? ಇದು ಇನ್ನೂ ನಾಚಿಕೆಗೇಡು. ಕ್ರೋಮ್‌ನಲ್ಲಿ 2010ರಿಂದ, ಫೈರ್‌ಫಾಕ್ಸ್‌ನಲ್ಲಿ 2013ರಿಂದ ಪಿಡಿಎಫ್ ವ್ಯೂವರ್ ಒಳಗೇ ಇದೆ. ಸೈಟ್ ಸೆಟ್ಟಿಂಗ್ಸ್ ಒಳಗೆ ಪಿಡಿಎಫ್ ಅಂತ ಒಂದು ಆಯ್ಕೆ ಇರುತ್ತೆ, ತೆರೆಯೋದಾ ಡೌನ್‌ಲೋಡ್ ಮಾಡೋದಾ ಅಂತ. ಅಣ್ಣ ಯಾವತ್ತೋ ಡೌನ್‌ಲೋಡ್ ಅಂತ ಇಟ್ಟಿದ್ದ. ಒಂದೇ ಒಂದು ಚುಕ್ಕಿ ಬದಲಾಯಿಸಿದ್ರೆ ಮುಗೀತಿತ್ತು.

ವಾಪಸ್ ಬರೋವಾಗ ಚನ್ನಪಟ್ಟಣದವನ ಚಿಕ್ಕಪ್ಪನ ಮನೇಲಿ ಇಳಿದ್ವಿ. ಕನ್ನಡ ಲೆಕ್ಚರರ್. ಈ ಕಥೆ ಹೇಳಿದ್ರೆ ಅವರು ನಗಲಿಲ್ಲ, ಒಳಗಿಂದ ಒಂದು ಹಳೇ ಡೆಸ್ಕ್‌ಟಾಪ್ ಆನ್ ಮಾಡಿ ತೋರಿಸಿದ್ರು. ಒಂದು ಕಾಲದಲ್ಲಿ ಆಡ್-ಆನ್ ಇಲ್ಲದೆ ಓದೋಕೇ ಆಗ್ತಿರಲಿಲ್ವಂತೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಹಳೇ ಕನ್ನಡ ಪುಸ್ತಕಗಳ ಒಂದೊಂದು ಪುಟವೂ ಒಂದೊಂದು ಟಿಫ್ ಚಿತ್ರ. ಅದನ್ನ ನೋಡೋಕೆ 'ಆಲ್ಟರ್ನಾಟಿಫ್' ಅನ್ನೋ ಪ್ಲಗಿನ್ ಹಾಕಬೇಕಿತ್ತು. ರಾತ್ರಿ ಕೂತು ಒಂದೊಂದೇ ಪುಟ ಬರೋದನ್ನ ಕಾಯ್ತಾ ಓದಿದ್ದಾರೆ. 2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಆ ಥರದ ಪ್ಲಗಿನ್‌ಗಳನ್ನ ನಿಲ್ಲಿಸಿದ್ವು. ಅಲ್ಲಿದ್ದ ಎಷ್ಟೋ ಪುಸ್ತಕ ಈಗ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪಿಡಿಎಫ್ ಆಗಿ ಸಿಗುತ್ತೆ, ಏನೂ ಹಾಕೋ ಅಗತ್ಯ ಇಲ್ಲ. ಆದ್ರೂ ಆ ಹಳೇ ಬ್ರೌಸರ್ ತೆಗೆಯೋಕೆ ಚಿಕ್ಕಪ್ಪ ಬಿಡಲ್ಲ. "ನೆಟ್‌ಗೆ ಹಾಕಿಲ್ಲ ಕಣ್ರೋ, ಇರ್ಲಿ ಬಿಡಿ" ಅಂದ್ರು. ನಾವೂ ಸುಮ್ಮನಾದ್ವಿ.

ರಾಮನಗರದವನು ಬೇರೆ ಕಾರಣಕ್ಕೆ ಮೂರು ವ್ಯೂವರ್ ಹಾಕ್ಕೊಂಡಿದ್ದ. ಹಳೇ ಕನ್ನಡ ಪಿಡಿಎಫ್‌ನಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತಲ್ಲ, ಅದಕ್ಕೆ. ಯಾವ ವ್ಯೂವರ್ ಹಾಕಿದ್ರೂ ಅದು ಹೋಗಲ್ಲ. ನುಡಿ, ಬರಹದ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಒಳಗೆ ಇರೋದೇ ಆ ಇಂಗ್ಲಿಷ್ ಕೋಡ್‌ಗಳು, ಫಾಂಟ್ ಅದರ ಮೇಲೆ ಕನ್ನಡದ ವೇಷ ಹಾಕಿರುತ್ತೆ. ಅದಕ್ಕೆ ಬೇಕಿರೋದು ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸೋ ಪರಿವರ್ತಕ. ಮೂರನ್ನೂ ತೆಗೆದ.

ರೂಮಿಗೆ ಬಂದು ನಾಲ್ಕೂ ಲ್ಯಾಪ್‌ಟಾಪ್ ಲೆಕ್ಕ ಹಾಕಿದ್ವಿ. ಒಟ್ಟು ಹದಿನೇಳು ಎಕ್ಸ್‌ಟೆನ್ಷನ್, ಅದರಲ್ಲಿ ಒಂಬತ್ತು ಯಾರು ಯಾವಾಗ ಹಾಕಿದ್ದು ಅನ್ನೋದೇ ನೆನಪಿಲ್ಲ. ಈಗ ಉಳಿದಿರೋದು ಐದು. ಉಳಿದವಕ್ಕೆ ಸೈಟ್ ಆಕ್ಸೆಸ್ ಅನ್ನೋ ಕಡೆ "ಕ್ಲಿಕ್ ಮಾಡಿದಾಗ ಮಾತ್ರ" ಅಂತ ಇಟ್ಟಿದ್ದೀವಿ. ಒಂದು ಪಿಡಿಎಫ್ ವಿಚಿತ್ರವಾಗಿ ತೆರೆದ್ರೆ ಇನ್‌ಕಾಗ್ನಿಟೋದಲ್ಲಿ ತೆರೆದು ನೋಡಿ. ಅಲ್ಲಿ ಎಕ್ಸ್‌ಟೆನ್ಷನ್‌ಗಳು ನೀವಾಗಿ ಬಿಡದೆ ಓಡಲ್ಲ, ತಪ್ಪು ಯಾರದ್ದು ಅಂತ ಗೊತ್ತಾಗುತ್ತೆ. ಸಿಂಕ್ ಆನ್ ಇದ್ರೆ ಒಂದು ಕಡೆ ಹಾಕಿದ್ದು ನಿಮ್ಮ ಇನ್ನೊಂದು ಕಂಪ್ಯೂಟರ್‌ಗೂ ಬಂದು ಕೂರುತ್ತೆ, ಅದನ್ನೂ ನೋಡ್ಕೊಳ್ಳಿ.

ಆದ್ರೆ ಹೋದ ಫೈಲ್ ಹೋಯ್ತು. ಪಹಣಿ ಬಿಡಿ, ಸರ್ವೆ ನಂಬರ್ ಗೊತ್ತಿದ್ರೆ ಯಾರು ಬೇಕಾದ್ರೂ ನೋಡಬಹುದು. ಆಧಾರ್, ಪಾಸ್‌ಬುಕ್ ಹಾಗಲ್ಲ. ತಾತನಿಗೆ ಹೇಳಲೇಬೇಕಿತ್ತು. ಫೋನ್ ಸ್ಪೀಕರ್‌ಗೆ ಹಾಕಿ ನಾಲ್ವರೂ ಕೂತ್ವಿ. ಎಲ್ಲ ಕೇಳಿಸ್ಕೊಂಡು ತಾತ ಕೇಳಿದ್ದು ಒಂದೇ: "ಅದ್ರಲ್ಲಿ ಏನ್ ಬರ್ದಿತ್ತು?"

ಕನ್ನಡದಲ್ಲಿ ಹೇಳಿದ್ವಿ. ನೀವು ಏನೇನ್ ನೋಡ್ತೀರೋ ಎಲ್ಲಾ ನಾನೂ ಓದ್ತೀನಿ, ಬೇಕಾದ್ರೆ ತಿದ್ದುತೀನಿ ಅಂತ.

"ಹಂಗಂತ ಬರ್ದೇ ಕೊಟ್ಟಿದ್ನಾ?"

"ಹೂಂ ತಾತ."

"ಇಂಗ್ಲೀಸಲ್ಲಾ?"

"ಹೂಂ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರ ಆಧಾರ್‌ಗೆ ಬಯೋಮೆಟ್ರಿಕ್ ಲಾಕ್ ಹಾಕಿದ್ವಿ, ಹೆಬ್ಬೆಟ್ಟಿನ ಮೇಲೆ ಯಾರೂ ದುಡ್ಡು ತೆಗೆಯದ ಹಾಗೆ. ಲಾಕ್ ಇದ್ರೆ ರೇಷನ್ ಅಂಗಡಿಯ ಮೆಷಿನ್ನೂ ಬೆರಳು ಒಪ್ಪಲ್ಲ. ಹಾಗಾಗಿ ತಿಂಗಳಿಗೊಂದು ದಿನ ಬೆಳಿಗ್ಗೆ, ಹೆಚ್ಚಾಗಿ ಮೊದಲನೇ ಪೀರಿಯಡ್ ನಡೀತಿರೋವಾಗ್ಲೇ, ಕ್ಯೂನಲ್ಲಿ ನಿಂತ್ಕೊಂಡು ತಾತ ಫೋನ್ ಮಾಡ್ತಾರೆ: "ಲೇ ಮಗ, ಬೀಗ ತೆಗೀರ್ಲಾ."