ಪಿಯಾನೋ ಕೈತಪ್ಪಿದ ಹುಡುಗ

ಇಂಗ್ಲೆಂಡಿನ ಚೆಲ್ಟನಮ್ ಊರಿನಲ್ಲಿ ಅಡಾಲ್ಫ್ ವಾನ್ ಹೋಲ್ಸ್ಟ್ ಎಂಬ ಸಂಗೀತದ ಮೇಷ್ಟ್ರಿದ್ದರು. ಚರ್ಚಿನಲ್ಲಿ ಆರ್ಗನ್ ನುಡಿಸುವುದು, ಪಿಯಾನೋ ಪಾಠ ಹೇಳುವುದು ಅವರ ಕಸುಬು. 1874ರ ಸೆಪ್ಟೆಂಬರ್ 21ರಂದು ಹುಟ್ಟಿದ ಮಗ ಗುಸ್ತಾವ್ ಹೆಸರಾಂತ ಪಿಯಾನೋ ವಾದಕನಾಗಬೇಕೆಂಬುದು ಅವರ ಹಂಬಲ. ಆದರೆ ಹುಡುಗನ ಮೈ ಸಹಕರಿಸಬೇಕಲ್ಲ! ಎಂಟು ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದರು. ಕಣ್ಣು ಮಂದ, ಜೊತೆಗೆ ಉಬ್ಬಸ. ಎಲ್ಲಕ್ಕಿಂತ ಮಿಗಿಲಾಗಿ, ಬಲಗೈಯ ನರಗಳ ನೋವು. ಹೆಚ್ಚು ಹೊತ್ತು ಪಿಯಾನೋ ಅಭ್ಯಾಸ ಮಾಡಿದರೆ ಕೈ ಸೋತುಹೋಗುತ್ತಿತ್ತು.

ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ಅವನ ಕೈಗೆ ಟ್ರೊಂಬೋನ್ ಕೊಟ್ಟರು. ಕಾರಣ ಸಂಗೀತಕ್ಕಿಂತ ವೈದ್ಯಕೀಯವೇ ಹೆಚ್ಚು. ಊದಿದರೆ ಉಬ್ಬಸ ಕಡಿಮೆಯಾದೀತೆಂಬ ಆಸೆ. ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ನೀವೂ ಕಂಡಿರಬಹುದು. ಹಿತ್ತಾಳೆಯ ಉದ್ದನೆಯ ಕೊಳವೆ. ಅದರ ಒಂದು ಭಾಗವನ್ನು ಮುಂದಕ್ಕೂ ಹಿಂದಕ್ಕೂ ಜಾರಿಸುತ್ತಾರೆ. ಮುಂದೆ ತಳ್ಳಿದಷ್ಟೂ ಒಳಗಿನ ಗಾಳಿಯ ಕಂಬ ಉದ್ದವಾಗಿ ಸ್ವರ ತಗ್ಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಅನುನಾದ ನಳಿಕೆಯಲ್ಲಿ ನೀರಿನ ಮಟ್ಟ ಏರಿಳಿಸಿ ನೋಡುವುದೂ ಇದೇ ತತ್ವವನ್ನು. ಜಾರುಕೊಳವೆಗೆ ಏಳು ಸ್ಥಾನಗಳು. ಆದರೆ ಅವುಗಳ ಗುರುತು ಎಲ್ಲಿಯೂ ಇರುವುದಿಲ್ಲ. ಕಿವಿ ಹೇಳಿದ ಜಾಗದಲ್ಲಿ ಕೈ ನಿಲ್ಲಬೇಕು.

ಹದಿನೇಳನೆಯ ವಯಸ್ಸಿಗೆ ವಿಕ್ ರಿಸಿಂಗ್ಟನ್ ಎಂಬ ಹಳ್ಳಿಯ ಚರ್ಚಿನಲ್ಲಿ ಆರ್ಗನ್ ನುಡಿಸುವ, ಹಾಡುಗಾರರ ತಂಡವನ್ನು ತಿದ್ದುವ ಕೆಲಸ ಸಿಕ್ಕಿತು. ಮನಸ್ಸೆಲ್ಲ ಸ್ವಂತ ರಚನೆಯ ಮೇಲೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ಗೆ ವಿದ್ಯಾರ್ಥಿವೇತನ ಬೇಡಿ ಅರ್ಜಿ ಹಾಕಿದ. ಆ ವರ್ಷ ಅದು ಸ್ಯಾಮ್ಯುಯೆಲ್ ಕೋಲ್‌ರಿಜ್ ಟೇಲರ್ ಎಂಬ ಇನ್ನೊಬ್ಬ ಯುವಕನ ಪಾಲಾಯಿತು. ವೇತನವಿಲ್ಲದೆ ಸೀಟು ಮಾತ್ರ ದಕ್ಕಿತು. ಇಲ್ಲಿ ತಂದೆಯನ್ನು ನೆನೆಯಬೇಕು. ಮಗ ಪಿಯಾನೋ ವಾದಕನಾಗುವುದಿಲ್ಲವೆಂಬುದು ಅಷ್ಟು ಹೊತ್ತಿಗೆ ಅವರಿಗೆ ಖಚಿತವಾಗಿತ್ತು. ಆದರೂ 100 ಪೌಂಡು ಸಾಲ ಮಾಡಿ ಮೊದಲ ವರ್ಷದ ಖರ್ಚು ಹೊಂದಿಸಿದರು. ತಾವು ಕಂಡ ಕನಸು ಮುರಿದ ಮೇಲೂ ಮಗನ ಕನಸಿಗಾಗಿ ಸಾಲ ಮಾಡುವ ತಂದೆ ಎಲ್ಲ ಮನೆಯಲ್ಲೂ ಸಿಗುವುದಿಲ್ಲ.

1893ರ ಮೇ ತಿಂಗಳಲ್ಲಿ ಗುಸ್ತಾವ್ ಲಂಡನ್ನಿಗೆ ಬಂದ. ಕೈ ಬಿಗಿಹಿಡಿದ ಬದುಕು. ಅರ್ಧ ಉಳಿತಾಯಕ್ಕಾಗಿ, ಅರ್ಧ ಸ್ವಂತ ಒಲವಿನಿಂದ ಮಾಂಸ, ಮದ್ಯ ಎರಡನ್ನೂ ಬಿಟ್ಟ. ಎರಡು ವರ್ಷ ಕಾದ ಮೇಲೆ 1895ರಲ್ಲಿ ವಿದ್ಯಾರ್ಥಿವೇತನ ಬಂತು. ಅದೇ ವರ್ಷ ರಾಲ್ಫ್ ವಾನ್ ವಿಲಿಯಮ್ಸ್ ಎಂಬ ಸಹಪಾಠಿಯ ಗೆಳೆತನವೂ ದೊರೆಯಿತು. ಇಬ್ಬರೂ ತಮ್ಮ ಬರಹವನ್ನು ಪರಸ್ಪರ ತೋರಿಸಿ ನಿರ್ದಾಕ್ಷಿಣ್ಯವಾಗಿ ತಿದ್ದಿಸಿಕೊಳ್ಳುತ್ತಿದ್ದರು. ಈ ಪರಿಪಾಠ ಕೊನೆಯವರೆಗೂ ನಿಲ್ಲಲಿಲ್ಲ.

ಹೊಟ್ಟೆಪಾಡಿಗೆ ಟ್ರೊಂಬೋನೇ ಗತಿಯಾಯಿತು. ಬೇಸಿಗೆಯಲ್ಲಿ ಕಡಲತೀರದ ಬ್ಯಾಂಡುಗಳು, ಚಳಿಗಾಲದಲ್ಲಿ ಲಂಡನ್ನಿನ ನಾಟಕಶಾಲೆಗಳು. ಸ್ಟಾನಿಸ್ಲಾಸ್ ವೂರ್ಮ್ ಎಂಬಾತನ ಬ್ಯಾಂಡಿನಲ್ಲಂತೂ ಬಿಳಿ ಸಮವಸ್ತ್ರ ತೊಟ್ಟು, ಜನರೆದುರು ವಿಯೆನ್ನಾದವರಂತೆ ಪರದೇಶಿ ರಾಗದಲ್ಲಿ ಮಾತನಾಡಬೇಕಿತ್ತು! 1898ರಿಂದ ಕಾರ್ಲ್ ರೋಸಾ ಒಪೆರಾ ಕಂಪೆನಿಯ ಜೊತೆ ಊರೂರು ತಿರುಗಿದ್ದಾಯಿತು. ಬೇಸರದ ದುಡಿಮೆ ನಿಜ. ಆದರೆ ಟ್ರೊಂಬೋನಿನವನು ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತಿರುತ್ತಾನೆ, ಊದುವುದಕ್ಕಿಂತ ಸರದಿಗಾಗಿ ಕಾಯುವುದೇ ಹೆಚ್ಚು. ಯಾವ ವಾದ್ಯ ಯಾವುದರ ಜೊತೆ ಬೆರೆತರೆ ಏನಾಗುತ್ತದೆಂದು ಅಲ್ಲಿಂದ ಕೇಳಿ ತಿಳಿದಷ್ಟು ತರಗತಿಯಲ್ಲಿ ಕೂತು ತಿಳಿಯುವುದು ಕಷ್ಟ.

1903ರ ಸುಮಾರಿಗೆ ಊದುವುದನ್ನು ಬಿಟ್ಟು ಬರೆಯುವುದಕ್ಕೇ ಬದುಕು ಮೀಸಲಿಡಲು ಹೋಲ್ಸ್ಟ್ ನಿರ್ಧರಿಸಿದರು. ಅಷ್ಟರಲ್ಲಿ ಮದುವೆಯಾಗಿತ್ತು. ಬರೆದದ್ದಕ್ಕೆ ಸಿಗುವ ಹಣ ಸಂಸಾರಕ್ಕೆ ಸಾಲದು. ಕೊನೆಗೆ ತಂದೆಯಂತೆಯೇ ಮೇಷ್ಟ್ರಾದರು. 1905ರಲ್ಲಿ ಸೇರಿದ ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಯಲ್ಲಿ 1934ರಲ್ಲಿ ತೀರಿಕೊಳ್ಳುವವರೆಗೂ ದುಡಿದರು. ರಚನೆಗೆ ಸಿಗುತ್ತಿದ್ದುದು ಭಾನುವಾರಗಳು ಮತ್ತು ರಜೆ ಮಾತ್ರ.

ನಮ್ಮ ದೇಶದ ಗ್ರಂಥಗಳತ್ತಲೂ ಅವರ ಮನಸ್ಸು ಹರಿದಿತ್ತು. ಋಗ್ವೇದದ ಸೂಕ್ತಗಳಿಗೆ ಸ್ವರ ಹಾಕಬೇಕೆನಿಸಿತು. ಸಿಕ್ಕ ಅನುವಾದಗಳು ಹಿಡಿಸಲಿಲ್ಲ. ಬೇರೊಬ್ಬರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಇವರು ಸಂಸ್ಕೃತ ಕಲಿಯಲು ಕೂತರು, ತಮಗೆ ಬೇಕಾದಂತೆ ತಾವೇ ಇಂಗ್ಲಿಷಿಗೆ ತಂದುಕೊಂಡರು. ವರ್ಷಗಟ್ಟಲೆ ಬರೆದ 'ಸೀತಾ' ಒಪೆರಾ ರಿಕಾರ್ಡಿ ಪ್ರಕಾಶನದ ಸ್ಪರ್ಧೆಯಲ್ಲಿ ಬಹುಮಾನ ಗಳಿಸಲಿಲ್ಲ. ಅದರ ಬೆನ್ನಿಗೇ, ಮೂರೇ ಪಾತ್ರಗಳ 'ಸಾವಿತ್ರಿ' ಬರೆದರು. ಅದು ರಂಗ ಕಂಡದ್ದು 1916ರಲ್ಲಿ.

1909ರಲ್ಲಿ ಮಿಲಿಟರಿ ಬ್ಯಾಂಡಿಗೆಂದು ಮೂರು ಭಾಗಗಳ 'ಮೊದಲ ಸ್ವೀಟ್' ಸಿದ್ಧವಾಯಿತು. ಆಗ ಬ್ಯಾಂಡುಗಳು ಹೆಚ್ಚಾಗಿ ನುಡಿಸುತ್ತಿದ್ದುದು ಮಾರ್ಚುಗಳನ್ನು, ಇಲ್ಲವೇ ಒಪೆರಾ, ಆರ್ಕೆಸ್ಟ್ರಾಗಳಿಂದ ಇಳಿಸಿಕೊಂಡ ತುಣುಕುಗಳನ್ನು. ಹೋಲ್ಸ್ಟ್ ಬ್ಯಾಂಡಿಗೆ ಅದರದೇ ಮಾತು ಕೊಟ್ಟರು. ಮೊದಲ ಭಾಗದಲ್ಲಿ ಎಂಟು ಮಾತ್ರಾಗಣದ ಒಂದು ರಾಗದೆಳೆ ತಗ್ಗಿದ ಸ್ವರದ ವಾದ್ಯಗಳಲ್ಲಿ ಹುಟ್ಟಿ ಮತ್ತೆ ಮತ್ತೆ ಬರುತ್ತದೆ. ಪ್ರತಿಸಲವೂ ಅದರ ಸುತ್ತಲಿನ ಬಣ್ಣ ಬೇರೆ. ನಡುವೆ ಅದನ್ನು ತಲೆಕೆಳಗು ಮಾಡಿದ್ದಾರೆ. ಮೇಲೇರುವ ಕಡೆ ಇಳಿಯುತ್ತದೆ, ಇಳಿಯುವ ಕಡೆ ಏರುತ್ತದೆ. ಮುಂದಿನೆರಡು ಭಾಗಗಳ ಬೀಜವೂ ಆ ಎಳೆಯಲ್ಲೇ ಇದೆ. ದೊಡ್ಡ ಬ್ಯಾಂಡುಗಳಲ್ಲಿ ಮಾತ್ರ ಇರುವ ಕೆಲವು ವಾದ್ಯಗಳನ್ನು ಬೇಕಾದರೆ ಬಿಡಬಹುದೆಂದು ಬರೆದರು. ಕಡಲತೀರದ ಬ್ಯಾಂಡುಗಳ ಕಷ್ಟ ಬಲ್ಲವರಿಗಷ್ಟೇ ಹೊಳೆಯುವ ಸಂಗತಿ ಅದು.

ಅವರ ಹೆಸರನ್ನು ಜಗತ್ತಿಗೆ ಮುಟ್ಟಿಸಿದ್ದು 1914ರಿಂದ 1916ರ ನಡುವೆ ಆರ್ಕೆಸ್ಟ್ರಾಕ್ಕೆ ಬರೆದ 'ಗ್ರಹಗಳು'. ಏಳು ಗ್ರಹಗಳು, ಭೂಮಿ ಇಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಹುಬ್ಬೇರಿಸಬೇಕಿಲ್ಲ, ಸ್ಫೂರ್ತಿ ಖಗೋಳದಿಂದಲ್ಲ, ಜ್ಯೋತಿಷದಿಂದ ಬಂದದ್ದು. ಕೈನೋವು ಬಿಡದ ಕಾರಣ ದೊಡ್ಡ ಸ್ವರಲಿಪಿಯನ್ನು ಬರೆದು ಮುಗಿಸಲು ಶಾಲೆಯ ಸಹೋದ್ಯೋಗಿಗಳು ನೆರವಾದರು. 1918ರ ಸೆಪ್ಟೆಂಬರ್ 29ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ, ಆಹ್ವಾನಿತರ ಮುಂದೆ, ಏಡ್ರಿಯನ್ ಬೋಲ್ಟ್ ಅದನ್ನು ನಡೆಸಿಕೊಟ್ಟರು. ಕೊನೆಯ ಭಾಗಕ್ಕೆ ಬೇಕಾದ ಹೆಣ್ಣುದನಿಗಳಿಗಾಗಿ ಹೋಲ್ಸ್ಟ್ ದೂರ ಹುಡುಕಲಿಲ್ಲ. ತೆರೆಮರೆಯಲ್ಲಿ ನಿಂತು ಹಾಡಿದವರಲ್ಲಿ ಅವರದೇ ಶಾಲೆಯ ಹುಡುಗಿಯರಿದ್ದರು.