ನಡೆಯುವ ಮನೆ: ಉಳವಿಯ ಹಾದಿಯಲ್ಲಿ

ಮಾಘಮಾಸ ಕಾಲಿರಿಸಿತೆಂದರೆ ಧಾರವಾಡ, ಬೆಳಗಾವಿ, ಹಾವೇರಿ ಸೀಮೆಯ ಒಕ್ಕಲು ಮನೆಗಳಲ್ಲಿ ಉಳವಿಯ ಮಾತು ಆರಂಭವಾಗುತ್ತದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಜರುಗುವ ಶ್ರೀ ಚೆನ್ನಬಸವೇಶ್ವರರ ಜಾತ್ರೆಗೆ ಹೊರಡುವುದೆಂದರೆ ಒಂದು ದಿನ ಹೋಗಿ ಕಾಯಿ ಒಡೆಸಿಕೊಂಡು ಬರುವ ಕಾರ್ಯವಲ್ಲ. ಮನೆಯ ಒಂದು ಭಾಗವನ್ನೇ ಗಾಲಿಯ ಮೇಲೆ ಕಟ್ಟಿಕೊಂಡು, ಹಲವು ದಿನಗಳ ಕಾಲ ಹಾದಿಯಲ್ಲಿಯೇ ಉಂಡು, ಮಲಗಿ, ಲಿಂಗಪೂಜೆ ಮಾಡಿಕೊಂಡು ಸಾಗುವ ಯಾತ್ರೆ ಅದು. ಈ ನಡೆಯುವ ಮನೆಯನ್ನು ನಮ್ಮ ಹಿರಿಯರು ಹೇಗೆ ಕಟ್ಟುತ್ತಿದ್ದರು, ಇಂದು ನಾವು ಹೇಗೆ ಕಟ್ಟುತ್ತಿದ್ದೇವೆ ಎಂಬುದನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಉಳವಿಯು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನಲ್ಲಿ, ಸಹ್ಯಾದ್ರಿಯ ದಟ್ಟ ಅರಣ್ಯದ ನಡುವೆ ಇರುವ ಪುಟ್ಟ ಗ್ರಾಮ. 12ನೆಯ ಶತಮಾನದ ಕಲ್ಯಾಣ ಕ್ರಾಂತಿಯ ತರುವಾಯ ಶರಣರ ಒಂದು ತಂಡವು ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಪಶ್ಚಿಮಕ್ಕೆ ನಡೆದು ಇಲ್ಲಿ ನೆಲೆ ನಿಂತಿತೆಂಬುದು ನಮ್ಮ ಪರಂಪರೆಯ ನಂಬಿಗೆ. ಬಸವಣ್ಣನವರ ಸೋದರಳಿಯರೂ ಅಕ್ಕನಾಗಮ್ಮನವರ ಸುಪುತ್ರರೂ ಆದ ಷಟ್‌ಸ್ಥಲ ಚಕ್ರವರ್ತಿ ಚೆನ್ನಬಸವಣ್ಣನವರು ಐಕ್ಯರಾದ ಸ್ಥಳವಿದು. ಆ ಶರಣರಿಗೆ ಹಾದಿಯುದ್ದಕ್ಕೂ ಮನೆಯೆಂಬುದು ಇರಲಿಲ್ಲ. ರಾತ್ರಿ ತಂಗಿದ ಮರದಡಿಯೇ ಮಹಾಮನೆಯಾಗಿತ್ತು. ಅವರು ನಡೆದ ದಿಕ್ಕಿನಲ್ಲಿ ನಡೆಯುವವರು ತಮ್ಮ ವಸತಿಯನ್ನು ತಾವೇ ಕಟ್ಟಿಕೊಂಡು ಹೋಗುವುದು ಆ ನೆನಪಿಗೆ ಸಲ್ಲಿಸುವ ಒಂದು ಸೇವೆಯೆಂದೇ ಹಿರಿಯರು ಭಾವಿಸಿದ್ದರು.

ಕೊಲ್ಲಾರಿ ಚಕ್ಕಡಿ

ಹೊಲಕ್ಕೆ ಗೊಬ್ಬರ ಸಾಗಿಸುವ ಚಕ್ಕಡಿಯೇ ಜಾತ್ರೆಯ ಕಾಲಕ್ಕೆ ಮನೆಯಾಗುತ್ತದೆ. ಬಡಿಗೇರರು ಗಾಲಿಯ ಅರಗಳನ್ನು ತಟ್ಟಿ ನೋಡುತ್ತಾರೆ. ಸಡಿಲವಾದ ಕಬ್ಬಿಣದ ಹಳಿಯನ್ನು ಕಮ್ಮಾರರು ಕಾಯಿಸಿ ಕೂಡಿಸುತ್ತಾರೆ. ಅಚ್ಚಿಗೆ ಕೀಲೆಣ್ಣೆ ಹಾಕಲಾಗುತ್ತದೆ. ಎತ್ತುಗಳ ಗೊರಸಿಗೆ ಹೊಸ ಲಾಳ ಬೀಳುತ್ತದೆ. ಬಳಿಕ ಬಿದಿರಿನ ದಬ್ಬೆಗಳನ್ನು ಬಾಗಿಸಿ ಚಕ್ಕಡಿಯ ಎರಡೂ ಮಗ್ಗುಲಿಗೆ ಹುರಿಯಿಂದ ಬಿಗಿದು ಕಮಾನು ಕಟ್ಟುತ್ತಾರೆ. ಕಮಾನಿನ ಮೇಲೆ ಚಾಪೆ, ಅದರ ಮೇಲೆ ತಟ್ಟು ಅಥವಾ ತಾಡಪಾಲು. ಇದೇ ಕೊಲ್ಲಾರಿ ಚಕ್ಕಡಿ.

ಒಳಗೆ ಮೊದಲು ಒಂದು ಮೊಳ ದಪ್ಪ ಮೇವು ಹರಡಿ, ಅದರ ಮೇಲೆ ಜಮಖಾನೆ, ಅದರ ಮೇಲೆ ಕೌದಿ ಹಾಸುತ್ತಾರೆ. ಈ ಹಾಸಿಗೆಯಲ್ಲಿ ಒಂದು ಜಾಣತನವಿದೆ. ಹೋಗುವಾಗ ಮೆತ್ತಗಿರುವ ಅದು ದಿನದಿನಕ್ಕೆ ತೆಳುವಾಗುತ್ತದೆ; ಏಕೆಂದರೆ ಪ್ರತಿ ವಸತಿಯಲ್ಲಿಯೂ ಅದರೊಳಗಿನ ಮೇವು ಎತ್ತುಗಳ ಪಾಲಾಗುತ್ತದೆ. ಮರಳಿ ಬರುವಾಗ ಹಲಗೆಯ ಗಡಸು ಬೆನ್ನಿಗೆ ತಾಗಿದರೆ ಯಾರೂ ಗೊಣಗುವುದಿಲ್ಲ. ತಮ್ಮ ಹಾಸಿಗೆಯನ್ನು ದುಡಿಯುವ ಮೂಕ ಜೀವಕ್ಕೆ ಉಣಿಸಿದ ತೃಪ್ತಿ ಅವರದು. ದಾಸೋಹದ ಪಾಠವನ್ನು ನಮ್ಮ ಮನೆಯ ಮಕ್ಕಳು ಹೀಗೂ ಕಲಿತಿದ್ದುಂಟು.

ಚಕ್ಕಡಿಯಲ್ಲಿ ಭಾರವಿಡುವುದು ಒಂದು ವಿದ್ಯೆ. ಅಚ್ಚಿನ ಮುಂದಕ್ಕೆ ಭಾರ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳ ಪಟ್ಟಿ ಬಿಗಿಯುತ್ತದೆ. ಅನುಭವಿ ಒಕ್ಕಲಿಗರು ನೊಗವನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, ಹಿಟ್ಟಿನ ಚೀಲವನ್ನು ಒಂದು ಗೇಣು ಹಿಂದೆ ಸರಿಸಿ, ಮುಂಭಾರ ಹಿಂಭಾರಗಳನ್ನು ಸರಿತೂಗಿಸುತ್ತಾರೆ. ಎತ್ತುಗಳ ದುಡಿಮೆಗೆ ಕಾನೂನಿನ ಮಿತಿಯೂ ಇದೆ. 1965ರ ಕೇಂದ್ರ ನಿಯಮಗಳ ಪ್ರಕಾರ ಗಾಡಿ ಎಳೆಯುವ ಪ್ರಾಣಿಗಳನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಲಾಗದು. ತಾಪಮಾನವು 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ನಡು ಹಗಲು 12ರಿಂದ 3ರವರೆಗೆ ಹೂಡುವಂತಿಲ್ಲ. ನಸುಕಿನಲ್ಲಿ ಹೂಡಿ, ಬಿಸಿಲೇರಿದಾಗ ಕೊರಳು ಬಿಚ್ಚಿ, ಇಳಿಹೊತ್ತಿಗೆ ಮತ್ತೆ ಹೊರಡುವ ನಮ್ಮ ಹಿರಿಯರ ಕ್ರಮವು ಈ ನಿಯಮಗಳಿಗೆ ತಾನಾಗಿಯೇ ಹೊಂದುತ್ತದೆ.

ಟ್ರೇಲರಿನ ಮೇಲೊಂದು ಅಟ್ಟ

ಈಗ ಎತ್ತು ಸಾಕುವ ಮನೆಗಳು ಕಡಿಮೆಯಾಗಿವೆ. ಚಕ್ಕಡಿಗಳ ಸಾಲಿನ ನಡುವೆ ಟ್ರ್ಯಾಕ್ಟರುಗಳೂ ಸೇರಿಕೊಂಡಿವೆ. ನಮ್ಮ ಓಣಿಯ ಐದು ಮನೆತನಗಳವರು ಕೂಡಿ ಉಳವಿಗೆ ಹೊರಡಲು ನಿಶ್ಚಯಿಸಿದಾಗ ನಮ್ಮಲ್ಲಿ ಉಳಿದಿದ್ದುದು ಒಂದೇ ಜೋಡಿ ಎತ್ತು. ಆದುದರಿಂದ ಒಂದು ಚಕ್ಕಡಿ, ಒಂದು ಟ್ರ್ಯಾಕ್ಟರ್ ಎಂದು ತೀರ್ಮಾನವಾಯಿತು. ಟ್ರೇಲರಿನಲ್ಲಿ ವಸತಿ ಕಟ್ಟುವ ಕಾರ್ಯವನ್ನು ತರುಣರು ಉತ್ಸಾಹದಿಂದ ಕೈಗೆತ್ತಿಕೊಂಡರು.

ಟ್ರೇಲರಿನ ಉದ್ದ 10 ಅಡಿ, ಅಗಲ 6 ಅಡಿ. ನಾಲ್ಕು ಮೂಲೆಗಳಲ್ಲಿಯೂ ನಡುವಿನಲ್ಲಿಯೂ ಕಬ್ಬಿಣದ ಕೊಳವೆಗಳನ್ನು ನಿಲ್ಲಿಸಿ, ಅಲುಗಾಡದಂತೆ ಓರೆಪಟ್ಟಿಗಳಿಂದ ಬಿಗಿಯಲಾಯಿತು. ತಳದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಅಡ್ಡ ಕೊಳವೆಗಳನ್ನಿಟ್ಟು, ಅವುಗಳ ಮೇಲೆ ಹಲಗೆ ಜೋಡಿಸಿ ಅಟ್ಟ ಮಾಡಲಾಯಿತು. ಅಟ್ಟದ ಮೇಲೆ ಕೊಲ್ಲಾರಿಯ ಮಾದರಿಯಲ್ಲಿಯೇ ಬಿದಿರಿನ ಕಮಾನು, ತಾಡಪಾಲಿನ ಹೊದಿಕೆ, ಗಾಳಿಯಾಡಲು ಎರಡೂ ತುದಿಗಳಲ್ಲಿ ಪರದೆ. ಕೆಳಗೆ ಹಿಟ್ಟು, ಕಟ್ಟಿಗೆ, ನೀರಿನ ಕೊಡ, ಪಾತ್ರೆ ಪಡಗ. ಏರಲು ಮರದ ಏಣಿ. ನೋಡಿದವರೆಲ್ಲ ಮಾಳಿಗೆ ಮನೆಯೆಂದು ಹೊಗಳಿದರು.

ಆ ಮಾಳಿಗೆಯ ಮೇಲೆ ಕುಳಿತೇ ಅಡವಿಯನ್ನು ನೋಡುತ್ತ ಹೋಗಬೇಕೆಂಬುದು ಮಕ್ಕಳ ಆಸೆ, ತರುಣರದೂ ಅದೇ. ಚಕ್ಕಡಿ ಹೂಡುವ ಹಿರಿಯರು ಮಾತ್ರ ಸುತ್ತ ಒಂದು ಸುತ್ತು ಬಂದು ನಿಂತರು.

"ಅಜ್ಜಾರ, ಮ್ಯಾಲ ಕುಂತ್ರ ಅಡವಿ ಭಾಳ ಚೆಂದ ಕಾಣತದರಿ," ಎಂದನೊಬ್ಬ ತರುಣ.

"ಕಾಣತದ ತಮ್ಮಾ, ಖರೆ. ಆದ್ರ ಭಾರ ಮ್ಯಾಲ ಹೋತಂದ್ರ, ತಿರುವಿನಾಗ ಗಾಡಿ ಮಗ್ಗಲಾಗತದ. ಎತ್ತಾದ್ರ ಹೆದರಿ ನಿಲ್ಲತಾವ. ಇಂಜಿನ್ನಿಗೆ ಹೆದರಿಕಿ ಎಲ್ಲಿಂದ ಬರಬೇಕು?"

ಮಾತು ಬೆಳೆಯಿತು. ಆರು ಜನ ಅಟ್ಟದ ಮೇಲೆ ಕುಳಿತರೆ ಮುನ್ನೂರು ಕಿಲೋ ಭಾರವು ನೆಲದಿಂದ 8 ಅಡಿ ಎತ್ತರಕ್ಕೆ ಏರಿದಂತಾಗುವುದು. ಗಾಲಿಗಳ ನಡುವಿನ ಅಗಲ ಮಾತ್ರ ಮೊದಲಿನಷ್ಟೇ. ಇಳಿಜಾರಿನ ತಿರುವಿನಲ್ಲಿ ಹೊರಮಗ್ಗುಲಿಗೆ ವಾಲುವ ಟ್ರೇಲರನ್ನು ಹಿಡಿದು ನಿಲ್ಲಿಸುವುದು ಚಾಲಕನಿಂದಲೂ ಆಗದು. ಟ್ರೇಲರು ಸರಕು ಸಾಗಣೆಗೆ ನೋಂದಣಿಯಾದ ವಾಹನ. ಅದರಲ್ಲಿ ಜನರನ್ನು ಒಯ್ಯುವುದಕ್ಕೆ ಮೋಟಾರು ವಾಹನ ಕಾನೂನಿನ ಸಮ್ಮತಿಯಿಲ್ಲ. ಇಷ್ಟಾದರೂ ಬಸ್ಸಿನ ಖರ್ಚು ಹೆಚ್ಚಾಗುವುದೆಂದು ಒಂದು ಮನೆಯವರು ಬೇಸರಗೊಂಡರು. ಕೂಡಿ ಹೊರಡಬೇಕಾದ ಯಾತ್ರೆಯು ಊರಲ್ಲಿಯೇ ಎರಡಾಗುವ ಲಕ್ಷಣ ಕಂಡಿತು.

ಕೊನೆಗೆ ಮನೆಯ ಹಿರಿಯ ತಾಯಿಯೊಬ್ಬರು ಆಡಿದ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು: "ನಿಂತಾಗ ಅದು ಮನಿ, ನಡದಾಗ ಸರಕು." ವಾಹನ ನಿಂತ ಮೇಲೆಯೇ ಜನರು ಅಟ್ಟವೇರಬೇಕು, ನಡೆಯುವಾಗ ಹಲಗೆಗಳನ್ನು ಕೆಳಗಿಳಿಸಿ, ಕಮಾನನ್ನು ಬಿಚ್ಚಿ ಮಲಗಿಸಬೇಕು. ಕಾಲಿನಲ್ಲಿ ಕಸುವಿದ್ದವರು ಚಕ್ಕಡಿಯೊಡನೆ ನಡೆಯುವುದು. ಮಕ್ಕಳು, ವೃದ್ಧರು ಸಾರಿಗೆ ಬಸ್ಸಿನಲ್ಲಿ ಮುಂದಿನ ವಸತಿಗೆ ಬರುವುದು. ಬಸ್ಸಿನ ಖರ್ಚನ್ನು ಐದೂ ಮನೆಯವರು ಸಮನಾಗಿ ಹಂಚಿಕೊಳ್ಳುವುದು. ಅದರಂತೆ ಕಮಾನಿನ ಬುಡಕ್ಕೆ ಕಟ್ಟಿದ್ದ ಹುರಿಯನ್ನು ಬಿಚ್ಚಿ ಕೊಳವೆಯ ತೂತಿನಲ್ಲಿ ಸಿಕ್ಕಿಸುವ ಗೂಟಗಳನ್ನು ಮಾಡಲಾಯಿತು. ಟ್ರೇಲರಿನ ಕೊಂಡಿಗೆ ಮೊಳೆಯ ಜೊತೆಗೆ ಒಂದು ಸರಪಳಿ, ಹಿಂಬದಿಗೆ ರಾತ್ರಿ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಗಳು ಕೂಡಿದವು.

ಹಾದಿ

ಧಾರವಾಡ ಸೀಮೆಯಿಂದ ಉಳವಿಗೆ ನೂರಕ್ಕೂ ಹೆಚ್ಚು ಕಿಲೋಮೀಟರು. ಹಳಿಯಾಳದವರೆಗೆ ಹೊಲಗಳ ನಾಡು. ಮುಂದೆ ಕಾಳಿ ನದಿಯ ದಂಡೆಯ ದಾಂಡೇಲಿ. ಅಲ್ಲಿಂದ ಗಣೇಶಗುಡಿ, ಜೋಯಿಡಾ ಮೇಲೆ ಒಂದು ಹಾದಿ; ಪೋಟೋಳಿ, ಗುಂದದ ಮೇಲೆ ಇನ್ನೊಂದು. ಗಣೇಶಗುಡಿಯಲ್ಲಿ ನೂರು ಮೀಟರಿಗೂ ಮಿಗಿಲು ಎತ್ತರದ ಸೂಪಾ ಅಣೆಕಟ್ಟು ಇದೆ. ಅದರ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು. ತಾಲೂಕಿನ ಕೇಂದ್ರವು ಜೋಯಿಡಾಕ್ಕೆ ಬಂದಿತು. ಆ ನೀರನ್ನು ಕಂಡಾಗ, ಮನೆಯನ್ನು ಗಾಲಿಯ ಮೇಲೆ ಕಟ್ಟಿಕೊಂಡು ಸುಖವಾಗಿ ಹೊರಟ ನಮಗೆ, ಮನೆಯನ್ನು ಬಿಟ್ಟು ಹೊರಟವರ ನೆನಪು ಬಾರದಿರಲಿಲ್ಲ.

ಈ ಅಡವಿ ಈಗ ಹುಲಿಗಳ ಸಂರಕ್ಷಿತ ನೆಲೆ. 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶವಾದ ಇದಕ್ಕೆ 2015ರಲ್ಲಿ ಕಾಳಿ ಎಂಬ ಹೆಸರಾಯಿತು. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳು ರೆಕ್ಕೆ ಬಡಿದರೆ ಚಕ್ಕಡಿಯ ಗೆಜ್ಜೆಯ ನಡುವೆಯೂ ಆ ಸದ್ದು ಕೇಳುತ್ತದೆ. ಮಾಘದಲ್ಲಿ ನೆಲದ ಮೇಲೆ ಒಣ ತರಗೆಲೆ ಹಾಸಿರುವುದರಿಂದ ಒಂದು ಕಿಡಿಯೂ ಅಪಾಯಕರ. ಬಯಲಾದ ಜಾಗದಲ್ಲಿ ಮಾತ್ರ ಒಲೆ ಹೂಡುವುದು, ಎದ್ದು ಹೊರಡುವಾಗ ಬೂದಿಗೆ ನೀರು ಸುರಿಯುವುದು, ಪ್ಲಾಸ್ಟಿಕ್ ಚೀಲಗಳನ್ನು ಮರಳಿ ಊರಿಗೇ ಒಯ್ಯುವುದು ನಮ್ಮ ತಂಡದ ಕಟ್ಟಳೆಯಾಗಿತ್ತು.

ಅಡವಿಯ ಹಾದಿಯ ಒಂದು ತಿರುವಿನಲ್ಲಿ ನಮ್ಮ ಮುಂದೆ ಬೇರೊಂದು ಊರಿನ ಟ್ರೇಲರು ಸಾಗಿತ್ತು. ಅದರ ಅಟ್ಟದ ಕಮಾನನ್ನು ಬಿಚ್ಚಿರಲಿಲ್ಲ. ರಸ್ತೆಯ ಮೇಲೆ ಬಾಗಿದ್ದ ಕೊಂಬೆಯೊಂದು ತಗುಲಿ ತಾಡಪಾಲು ಎರಡು ಮೊಳ ಸೀಳಿತು. ಬಿದಿರು ಮುರಿದು ಅಟ್ಟದೊಳಗೆ ನುಗ್ಗಿತು. ಅಲ್ಲಿ ಕುಳಿತಿದ್ದ ಮಕ್ಕಳು ಹಿಂದಿನ ನಿಲುಗಡೆಯಲ್ಲಿ ಚಹಾಕ್ಕೆಂದು ಇಳಿದವರು ನಮ್ಮ ಚಕ್ಕಡಿಯ ಎತ್ತುಗಳೊಡನೆ ನಡೆದು ಬರುತ್ತಿದ್ದರು. ಶಿವನ ಕೃಪೆ. ಆ ಊರಿನವರಿಗೆ ನಾವು ಹುರಿ, ಬಿದಿರು ಕೊಟ್ಟು ಕಮಾನನ್ನು ಬಿಚ್ಚಿಡಲು ನೆರವಾದೆವು. ಬಸ್ಸಿನ ಖರ್ಚಿಗೆ ಬೇಸರಗೊಂಡಿದ್ದ ಮನೆಯ ಯಜಮಾನರೇ ಮುಂದಾಗಿ ಆ ಮಕ್ಕಳನ್ನು ಬಸ್ಸು ಹತ್ತಿಸಿ, ಟಿಕೀಟಿನ ಹಣವನ್ನೂ ತಾವೇ ಕೊಟ್ಟು ಬಂದರು.

ಸಂಜೆಯ ವಸತಿಯೇ ಯಾತ್ರೆಯ ಸವಿ. ಎತ್ತುಗಳಿಗೆ ನೀರು ಕುಡಿಸಿ ಮೇವು ಹಾಕಿದ ಬಳಿಕವೇ ನಮ್ಮ ಊಟ. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಪುಡಿ, ಮಾದಲಿ; ಜೊತೆಗೆ ಈ ಕಾಡಿನ ಕುಣಬಿ ಕುಟುಂಬಗಳು ಬೆಳೆದ ಗೆಡ್ಡೆಗಳ ಪಲ್ಯ. ಹಲಗೆ ಏರಿಸಿ ಕಮಾನು ನಿಲ್ಲಿಸಲು ಹದಿನೈದು ನಿಮಿಷ ಸಾಕು. ಅಟ್ಟದಲ್ಲಿ ತಾಯಂದಿರು ಮತ್ತು ಮಕ್ಕಳು, ಚಕ್ಕಡಿಯಲ್ಲಿ ವೃದ್ಧರು, ನೆಲದ ಮೇಲೆ ತರುಣರು. ಪಕ್ಕದ ಊರಿನ ಚಕ್ಕಡಿಗಳಿಂದ ಭಜನೆಯ ತಾಳ ಕೇಳಿ ಬರುತ್ತಿದ್ದರೆ, ಯಾವ ಊರು ಯಾವ ಮನೆತನ ಎಂದು ಕೇಳದೆಯೇ ರೊಟ್ಟಿಯ ಬುತ್ತಿಗಳು ಅತ್ತಿಂದಿತ್ತ ಸಾಗುತ್ತಿದ್ದವು.

ಉಳವಿಯಲ್ಲಿ

ಕೊನೆಯ ದಿನ ಅಡವಿ ತೆರೆದು ಗದ್ದುಗೆಯ ಗುಡಿ ಕಂಡಾಗ ಹರಹರ ಮಹಾದೇವ ಘೋಷ ಮೊಳಗಿತು. ದರ್ಶನದ ಬಳಿಕ ಅಕ್ಕನಾಗಮ್ಮನವರ ಗವಿ, ಮಹಾಮನೆ ಗವಿ, ಆಕಳ ಗವಿಗಳನ್ನು ಕಂಡೆವು. ಹರಳಯ್ಯನ ಚಿಲುಮೆಯ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆವು. ಬಾಗಿ ಒಳಹೊಕ್ಕು, ಕಂದೀಲಿನ ಬೆಳಕಿನಲ್ಲಿ ಕುಳಿತಾಗ ಅರಿವಾಗುವುದಿಷ್ಟು: ಜ್ಞಾನದ ಸಾಗರವಾಗಿದ್ದವರಿಗೆ ಇಷ್ಟೇ ಸೂರು ಸಾಕಾಗಿತ್ತು.

ಸ್ಥಾವರ ಜಂಗಮಗಳ ವಿವೇಕವನ್ನು ಬಸವಾದಿ ಶರಣರು ನಮಗೆ ಕೊಟ್ಟಿದ್ದಾರೆ. ನಡೆಯುವ ಮನೆ ಕಟ್ಟುವಾಗಲೂ ಆ ವಿವೇಕ ಬೇಕು. ಬರುವ ಮಾಘದಲ್ಲಿ ಉಳವಿಗೆ ಹೊರಡುವ ಬಂಧುಗಳು ತಮ್ಮ ಕೈಯಾರೆ ಅಟ್ಟ ಕಟ್ಟಲಿ, ಕಮಾನು ಬಾಗಿಸಲಿ. ಮಕ್ಕಳಿಗೆ ಬಡಿಗೇರರ, ಕಮ್ಮಾರರ ಕೆಲಸ ತೋರಿಸಲಿ, ಅದೂ ಕಾಯಕದ ಪಾಠವೇ. ಆದರೆ ಭಾರವಾದುದನ್ನು ಕೆಳಗಿಡಲಿ, ಮೇಲಿನದನ್ನು ನಡೆಯುವಾಗ ಇಳಿಸಲಿ, ಜನರನ್ನು ಸರಕಿನೊಡನೆ ಬೆರೆಸದಿರಲಿ. ಎತ್ತುಳ್ಳವರು ಎತ್ತುಗಳ ಹಸಿವನ್ನು ತಮ್ಮ ಹಸಿವಿಗಿಂತ ಮೊದಲೆಣಿಸಲಿ. ಹೊರಟವರೆಲ್ಲರೂ ಕ್ಷೇಮವಾಗಿ ಮರಳಿ ತಮ್ಮ ಮನೆಯ ಹೊಸ್ತಿಲು ತುಳಿದಾಗಲೇ ಯಾತ್ರೆ ಸಂಪೂರ್ಣ.